ಆರ್ಡಿಸ್ ಯಾಂಕೆಯ ತಟ್ಟೆ

ಕೈಯಲ್ಲಿ ತಟ್ಟೆ ಇಲ್ಲದಾಗಲೂ ಆರ್ಡಿಸ್ ಯಾಂಕೆ ತಟ್ಟೆ ಹಿಡಿದವಳ ಹಾಗೆಯೇ ನಡೆಯುತ್ತಿದ್ದಳು. ಎಡ ಮುಂಗೈಯನ್ನು ಸೊಂಟಕ್ಕಿಂತ ತುಸು ಮೇಲೆ ಮಡಿಚಿ, ಅಂಗೈಯನ್ನು ಆಕಾಶಕ್ಕೆ ತೆರೆದು, ಬಲ ಭುಜವನ್ನು ಮುಂದೆ ಮಾಡಿಕೊಂಡು, ಎದುರು ಬರುವವರೆಲ್ಲ ತುಂಬಿದ ಊಟದ ಮನೆಯ ಕುರ್ಚಿಗಳೋ ಎಂಬಂತೆ ಅವರ ನಡುವೆ ಓರೆಯಾಗಿ ತೂರಿಹೋಗುವ ನಡಿಗೆ ಅದು. ಅಂಚೆ ಕಚೇರಿಗೂ ಹಾಗೆಯೇ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯುವವರ ಗುಡಿಸಲುಗಳಿಗೂ ಹಾಗೆಯೇ, ಭಾನುವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸಲು ಪೀಠದ ಬಳಿ ಹೋಗುವಾಗಲೂ ಹಾಗೆಯೇ. ನಮ್ಮ ಪಾದ್ರಿಗಳು ಒಮ್ಮೆ, "ನೀನು ಬರೋದು ನೋಡಿದ್ರೆ ದೇವರಿಗೇ ಏನೋ ತಂದುಕೊಡೋಕೆ ಬಂದ ಹಾಗಿರುತ್ತೆ ಆರ್ಡಿಸ್" ಎಂದರು. ಅವಳು, "ಅವನು ಇದುವರೆಗೂ ಏನು ಬೇಕು ಅಂತ ಬಾಯಿಬಿಟ್ಟು ಹೇಳಿಲ್ಲ ಪಾದ್ರಿಗಳೇ, ಹೌದೋ ಅಲ್ವೋ?" ಎಂದು ಉತ್ತರಕ್ಕೆ ಕಾಯದೆ ಹೋಗಿ ಕುಳಿತಳು.

‘ಹೌದೋ ಅಲ್ವೋ’ ಎನ್ನುವುದು ಅವಳ ಪ್ರತಿ ಮಾತಿಗೂ ಹಾಕುವ ಬೀಗ. ಅದನ್ನು ಪ್ರಶ್ನೆಯೆಂದು ಭ್ರಮಿಸಿ ಯಾರಾದರೂ ಉತ್ತರಿಸಹೊರಟರೆ ಅಷ್ಟರಲ್ಲಿ ಅವಳು ಮೂರನೆಯ ಮೇಜಿನ ಹತ್ತಿರ ಇರುತ್ತಿದ್ದಳು.

ವಿಸ್ಕಾನ್ಸಿನ್ನಿನ ಬಡಗಣ ಮೂಲೆಯ ಈ ನಮ್ಮ ಸರೋವರದ ದಂಡೆಯಲ್ಲಿ ಹಾಲ್ವರ್‌ಸನ್ ಸಪ್ಪರ್ ಕ್ಲಬ್ ಎಂಬ ಊಟದ ಮನೆ ಇದ್ದ ಕಾಲದಲ್ಲಿ ಹೆಚ್ಚುಕಮ್ಮಿ ಕೊನೆಯವರೆಗೂ ಅದರ ಬಾರ್ ಕಟ್ಟೆಯ ಹಿಂದೆ ಆರ್ಡಿಸ್ ಇದ್ದಳು. ಮಾಗಿದ ಚೆರಿಹಣ್ಣಿನ ಬಣ್ಣದ ಒಂದು ಒಳಕೋಟು, ಅದಕ್ಕೆ ಹಿತ್ತಾಳೆಯ ಗುಂಡಿಗಳು, ಅವುಗಳಲ್ಲಿ ಒಂದು ಕಳೆದುಹೋಗಿ ಅದರ ಜಾಗದಲ್ಲಿ ಗಂಡ ಮಿಲ್ಟ್‌ನ ಬೇಟೆಯ ಅಂಗಿಯಿಂದ ಕಿತ್ತ ಕಪ್ಪು ಗುಂಡಿ. ಅವನು ಸತ್ತ ಮೇಲೂ ಆ ಗುಂಡಿಯನ್ನು ಬದಲಿಸಲಿಲ್ಲ. ಶುಕ್ರವಾರ ಸಂಜೆ ಕರಿದ ಮೀನಿನ ಊಟಕ್ಕೆ ಊರೆಲ್ಲ ನೆರೆಯುತ್ತಿತ್ತು. ಮೇಜು ಸಿಗುವವರೆಗೆ ಎಲ್ಲರೂ ಕಟ್ಟೆಗೆ ಒರಗಿ ಬ್ರಾಂಡಿ ಓಲ್ಡ್ ಫ್ಯಾಷನ್ಡ್ ಕುಡಿಯುತ್ತ ನಿಲ್ಲುವುದು ವಾಡಿಕೆ. ಸಕ್ಕರೆಯ ತುಂಡಿಗೆ ಕಹಿರಸದ ಹನಿ ಬಿಟ್ಟು, ಕಿತ್ತಳೆಯ ಹೋಳನ್ನೂ ಚೆರಿಯನ್ನೂ ಲೋಟದ ತಳದಲ್ಲಿ ಮರದ ಕೋಲಿನಿಂದ ಮೆಲ್ಲಗೆ ಜಜ್ಜಿ, ಮೇಲೆ ಬ್ರಾಂಡಿ ಸುರಿದು, ಸಿಹಿ ಸೋಡದಿಂದ ತುಂಬಿಸಿ, ಅಂಚಿನಿಂದ ಒಂದು ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿ, ಕಿಕ್ಕಿರಿದ ಆ ಕೋಣೆಯ ಉದ್ದಕ್ಕೂ ಒಂದು ತೊಟ್ಟು ಚೆಲ್ಲದೆ ಅವಳು ಒಯ್ಯುತ್ತಿದ್ದಳು. ಶಾಲೆಯಲ್ಲಿ ಸಾಹಿತ್ಯ ಕಲಿಸುತ್ತಿದ್ದ ನಾನು ಛಂದಸ್ಸನ್ನು ವಿವರಿಸಬೇಕಾದಾಗಲೆಲ್ಲ ನನಗೆ ಅವಳ ಆ ನಡಿಗೆಯೇ ನೆನಪಾಗುತ್ತಿತ್ತು. ಹೇಳಿದಾಗ ಅವಳು, "ನಿಮ್ಮ ಪದ್ಯ ಚೆಲ್ಲಿದ್ರೆ ಯಾರ ಪ್ಯಾಂಟೂ ಒದ್ದೆ ಆಗಲ್ಲ ಮೇಷ್ಟ್ರೇ" ಎಂದಳು.

ಕೈ ನಡುಗಲು ಶುರುವಾದದ್ದು ಅರವತ್ತು ದಾಟಿದ ಮೇಲೆ. ಸುಮ್ಮನಿದ್ದಾಗ ಏನೂ ಇಲ್ಲ. ಏನನ್ನಾದರೂ ಎತ್ತಿ ಹಿಡಿದರೆ ಮಾತ್ರ ಗಾಳಿಗೆ ಸಿಕ್ಕ ಎಲೆಯಂತೆ ಬೆರಳು ಅದುರುವ ಕಾಯಿಲೆ. ಅವಳ ತಾಯಿಗೂ ಇತ್ತಂತೆ. ಮೊದಮೊದಲು ಲೋಟವನ್ನು ಕಡಿಮೆ ತುಂಬಿಸಿದಳು. ಆಮೇಲೆ ಒಂದೊಂದೇ ಲೋಟ ಒಯ್ದಳು. ಕಡೆಗೊಂದು ಶುಕ್ರವಾರ, ಬೇಸಿಗೆ ಕಳೆಯಲು ಶಿಕಾಗೋ ಕಡೆಯಿಂದ ಬಂದಿದ್ದ ಒಬ್ಬ ಅತಿಥಿಯ ಬಿಳಿಯ ಮೇಜುವಸ್ತ್ರದ ಮೇಲೆ ಕಂದು ಬಣ್ಣ ಅಗಲವಾಗಿ ಹರಡಿತು. ಆತ ಸಿಟ್ಟಾಗಲಿಲ್ಲ, ನಕ್ಕ. "ಅಮ್ಮಾವ್ರು ಮೊದಲು ತಾವೇ ರುಚಿ ನೋಡ್ಕೊಂಡು ಬಂದಿದ್ದಾರೆ ಅಂತ ಕಾಣುತ್ತೆ" ಎಂದ. ಅಷ್ಟು ವರ್ಷಗಳಲ್ಲಿ ಒಳಕೋಟು ತೊಟ್ಟಿರುವಾಗ ಆರ್ಡಿಸ್ ಒಂದು ಗುಟುಕು ಕುಡಿದವಳಲ್ಲ. ಕೋಣೆಯಲ್ಲಿದ್ದ ಊರವರಿಗೆಲ್ಲ ಅದು ಗೊತ್ತಿತ್ತು, ಮತ್ತು ಯಾರೂ ಮಾತಾಡಲಿಲ್ಲ. ಅವಳು ಮೇಜುವಸ್ತ್ರ ಬದಲಿಸಿ, ಹೊಸ ಲೋಟ ತಂದಿಟ್ಟು, ಅಂದಿನ ಕೆಲಸ ಪೂರ್ತಿ ಮುಗಿಸಿ, ಒಳಕೋಟನ್ನು ಮೊಳೆಗೆ ನೇತುಹಾಕಿ ಮನೆಗೆ ಹೋದಳು.

ಮಾಲೀಕ ಡೇಲ್ ಹಾಲ್ವರ್‌ಸನ್ ಒಳ್ಳೆಯವನೇ. ಒಳಕೋಟನ್ನು ಒಗೆಸಿ, ಮಡಿಸಿ, ಅವಳ ಮನೆಗೇ ಒಯ್ದ. "ಬಾಗಿಲ ಹತ್ತಿರ ಕೂತ್ಕೋ ಆರ್ಡಿಸ್. ಬಂದವರನ್ನ ಮಾತಾಡಿಸು, ಮೇಜು ತೋರಿಸು, ಸಾಕು."

"ಬಾಗಿಲಲ್ಲಿ ಕೂತು ನಗೋಕೆ ನಾನೇನು ಬೊಂಬೆಯೇನೋ ಡೇಲ್?" ಎಂದಳಂತೆ. ಆದರೆ ಒಳಕೋಟನ್ನು ಹಿಂದಕ್ಕೆ ಕೊಡಲಿಲ್ಲ.

ಆ ಚಳಿಗಾಲವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅವಳು ತನ್ನ ಕೈಗಳ ಮೇಲೆ ತಾನೇ ಕುಳಿತುಕೊಳ್ಳುವುದನ್ನು ಕಲಿತಳು. ಬುಧವಾರದ ಇಸ್ಪೀಟಿಗೆ ಬರುವುದನ್ನು ಬಿಟ್ಟಳು, ಏಕೆಂದರೆ ಎಲೆಗಳನ್ನು ಬೀಸಣಿಗೆಯಂತೆ ಹಿಡಿದರೆ ಅವು ಪಟಪಟ ಸದ್ದು ಮಾಡುತ್ತಿದ್ದವು. ಅವಳ ಇಸ್ಪೀಟಿನ ಜೊತೆಗಾರ ಲೀರಾಯ್ ಜಾಸ್ಟ್ರೋ, ದೋಣಿ ರಿಪೇರಿಯವನು, ಊರಿಗೆಲ್ಲ ಕೇಳುವ ಗಂಟಲಿನವನು, ಅವಳ ಮನೆಯ ಬಾಗಿಲು ಬಡಿದು "ಸೋಲ್ತೀನಿ ಅಂತ ಹೆದರಿಕೆನಾ?" ಎಂದು ಕೂಗಿ ಕೂಗಿ ಸಾಕಾಗಿ ಹಿಂದಿರುಗಿದ. ನಾನು ಹೋದರೆ ಕಾಫಿ ಕೊಡುತ್ತಿದ್ದಳು, ತಾನು ಕುಡಿಯುತ್ತಿರಲಿಲ್ಲ. ನಡಿಗೆ ಕೂಡ ಬದಲಾಯಿತು. ಎಡಗೈ ಜೇಬಿಗೆ ಸೇರಿತು. ರಸ್ತೆಯಲ್ಲಿ ಅವಳನ್ನು ದೂರದಿಂದ ಕಂಡವರು ಬೇರೆ ಯಾರೋ ಎಂದುಕೊಳ್ಳುತ್ತಿದ್ದರು.

ಹಿಮ ಕರಗುವ ಹೊತ್ತಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಯಾರದೋ ಉತ್ತರಕ್ರಿಯೆಯ ಊಟ. ಇಂಥ ಊಟಕ್ಕೆ ನಮ್ಮಲ್ಲಿ ಪ್ರತಿ ಮನೆಯಿಂದಲೂ ಒಂದು ಭಕ್ಷ್ಯ ಬರಬೇಕು. ಬರಿಗೈಯಲ್ಲಿ ಹೋಗುವುದು ಸತ್ತವರಿಗೆ ಬೆನ್ನು ಹಾಕಿದಂತೆ. ಆರ್ಡಿಸ್ ಅತ್ಯಂತ ನಿರಪಾಯದ್ದೆಂದು ಒಂದು ಬೋಗುಣಿ ಹಸಿರು ಜೆಲ್ಲಿ ಮಾಡಿ ತಂದಿದ್ದಳು. ಬಾಗಿಲಿನಿಂದ ಮೇಜಿನವರೆಗೆ ಅದನ್ನು ಹೊತ್ತು ಬರುವಾಗ ಅದು ಬೋಗುಣಿಯಲ್ಲಿ ಸತತವಾಗಿ ನಡುಗುತ್ತಿತ್ತು. ಮೇಜಿನ ಹಿಂದೆ ಇದ್ದ ಮುದುಕಿ ಇಂಗಾ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಅದನ್ನೇ ನೋಡಿದಳು. "ಇದು ನೋಡು ಹದ ಅಂದ್ರೆ. ನನ್ನ ಸೊಸೆ ಮಾಡೋದು ಅಲುಗಾಡೋದೇ ಇಲ್ಲ, ಇಟ್ಟಿಗೆ."

ನಾನು ಪಕ್ಕದಲ್ಲೇ ನಿಂತಿದ್ದೆ. ಆರ್ಡಿಸ್ ಬೋಗುಣಿಯನ್ನು ಕೆಳಗಿಡುವುದನ್ನು ಮರೆತು ಅಲ್ಲೇ ನಿಂತಳು. ಜೆಲ್ಲಿಯನ್ನು ನೋಡಿದಳು, ತನ್ನ ಕೈಗಳನ್ನು ನೋಡಿದಳು, ಮತ್ತೆ ಜೆಲ್ಲಿಯನ್ನು ನೋಡಿದಳು. ಶೋಕದ ಊಟದಲ್ಲಿ ನಗಬಾರದೆಂದು ತುಟಿ ಕಚ್ಚಿಕೊಂಡ ಆ ಮುಖವನ್ನು ನಾನು ಬದುಕಿರುವವರೆಗೆ ಮರೆಯಲಾರೆ.

ಅಂದು ಸಂಜೆಯೇ ನನ್ನ ಅಡುಗೆಮನೆಗೆ ಬಂದಳು, ಜೆಲಾಟಿನ್ ಪುಡಿಯ ಪೊಟ್ಟಣಗಳೊಂದಿಗೆ. "ಮೇಷ್ಟ್ರೇ, ಬ್ರಾಂಡಿ ಎಲ್ಲಿಟ್ಟಿದ್ದೀರಿ?"

ಪಾರ್ಟಿಗಳಲ್ಲಿ ಹುಡುಗರು ನುಂಗುವ, ಮದ್ಯ ಬೆರೆಸಿದ ಬಣ್ಣಬಣ್ಣದ ಜೆಲ್ಲಿ ಷಾಟುಗಳನ್ನು ಅವಳು ಅದುವರೆಗೆ ಪಾನೀಯಗಳ ಜಾತಿಗೇ ಸೇರಿಸುತ್ತಿರಲಿಲ್ಲ. ಈಗ ಅದೇ ಕೆಲಸಕ್ಕೆ ಇಳಿದವಳು ಅದನ್ನು ತನ್ನ ಮಟ್ಟಕ್ಕೆ ಏರಿಸದೆ ಬಿಡುವಂತಿರಲಿಲ್ಲ. ಓಲ್ಡ್ ಫ್ಯಾಷನ್ಡ್ ಅನ್ನು ಲೋಟದಿಂದ ತಟ್ಟೆಗೆ ತರಬೇಕು, ಆದರೆ ಕಣ್ಣು ಮುಚ್ಚಿ ಬಾಯಿಗಿಟ್ಟವನಿಗೆ ಹಾಲ್ವರ್‌ಸನ್‌ನ ಕಟ್ಟೆಯೇ ನೆನಪಾಗಬೇಕು. ಮೊದಲ ತಟ್ಟೆ ಹೆಪ್ಪುಗಟ್ಟಲೇ ಇಲ್ಲ. ಮರುದಿನವೂ ಪಾಕದಂತೆ ಜಾರುತ್ತಿತ್ತು. ಬ್ರಾಂಡಿ ಹೆಚ್ಚಾಗಿತ್ತು. "ಬಾರಿನವಳ ಕೈ ಧಾರಾಳ ಇದ್ರೆ ಗಿರಾಕಿಗೆ ಖುಷಿ. ಜೆಲ್ಲಿಗೆ ಜಿಪುಣಿನೇ ಬೇಕು, ಹೌದೋ ಅಲ್ವೋ?" ಎಂದಳು. ಎರಡನೆಯದು ಗಟ್ಟಿಯಾಯಿತು, ಆದರೆ ಬರಿಯ ಸಿಹಿ; ಕಹಿ ಎಲ್ಲೋ ಅಡಗಿ ಕುಳಿತಿತ್ತು. ತಣ್ಣಗಿದ್ದಾಗ ನಾಲಿಗೆಗೆ ಕಹಿ ಬೇಗ ತಾಗುವುದಿಲ್ಲವೆಂದು ಕಂಡುಕೊಂಡು ಹನಿಗಳನ್ನು ಹೆಚ್ಚಿಸಿದಳು. ಕಿತ್ತಳೆಯ ರಸದ ಮೇಲೆ ಪುಡಿಯನ್ನು ಉದುರಿಸಿ ಅದು ಉಬ್ಬುವವರೆಗೆ ಮುಟ್ಟದೆ ಕಾಯುವುದು, ಕುದಿಸಿದ ಸೋಡದಲ್ಲಿ ಅದನ್ನು ಕರಗಿಸುವುದು, ಬಿಸಿ ಇಳಿದ ಮೇಲಷ್ಟೇ ಬ್ರಾಂಡಿ ಸೇರಿಸುವುದು, ಇವನ್ನೆಲ್ಲ ಅವಳು ಮಾಡುತ್ತಿದ್ದುದನ್ನು ನೋಡುವುದೇ ಒಂದು ಸಮಾಧಾನ. ಪುಟ್ಟ ಕಪ್ಪುಗಳಿಗೆ ಸುರಿಯುವುದು ಅವಳ ಕೈಗೆ ಆಗದ ಮಾತು. ಆದ್ದರಿಂದ ಅಂಚುಳ್ಳ ದೊಡ್ಡ ಟ್ರೇಯನ್ನು ಸಿಂಕಿನಲ್ಲಿಟ್ಟು ಪಾತ್ರೆಯನ್ನು ಒಂದೇ ಸಲಕ್ಕೆ ಬೋರಲು ಹಾಕುತ್ತಿದ್ದಳು. ಅರ್ಧ ಹೆಪ್ಪಾದಾಗ ಚೆರಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದಳು.

"ನಾನು ಇಡ್ಲಾ?" ಎಂದು ಒಮ್ಮೆ ಕೇಳಿದೆ.

"ನಿಮ್ಮ ಶಾಲೆ ಮಕ್ಕಳ ಪರೀಕ್ಷೇನ ನೀವೇ ಬರೀತಿದ್ರಾ?"

ಹೀಗಾಗಿ ಚೆರಿಗಳ ಸಾಲು ಸೊಟ್ಟಗಿರುತ್ತಿತ್ತು. ಆದರೆ ಪ್ರತಿ ತುಂಡಿಗೂ ಒಂದು ಚೆರಿ ಬರಲೇಬೇಕೆಂಬುದು ಅವಳ ಹಟ. ಚಾಕುವನ್ನು ಒತ್ತಿ ಹಿಡಿದಾಗ ಮಾತ್ರ ಕೈ ಅಲುಗುತ್ತಿರಲಿಲ್ಲ. ಸಾಲು ಎತ್ತ ಓಡಿದೆಯೋ ಅತ್ತ ಚಾಕುವೂ ಓಡುತ್ತಿತ್ತು. ಅವಳ ತುಂಡುಗಳಲ್ಲಿ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ.

ಇಷ್ಟೆಲ್ಲ ಯಾತಕ್ಕೆಂದು ಅವಳು ಬಾಯಿಬಿಡಲಿಲ್ಲ, ಆದರೆ ನನಗೆ ಗೊತ್ತಿತ್ತು. ಡೇಲ್ ಕ್ಲಬ್ಬನ್ನು ಮುಚ್ಚುವವನಿದ್ದ. ಮೇ ತಿಂಗಳ ಕೊನೆಯ ಶುಕ್ರವಾರ ಊರಿಗೆಲ್ಲ ಬೀಳ್ಕೊಡುಗೆಯ ಪಾರ್ಟಿ. ಅವಳನ್ನು ಅತಿಥಿಯಾಗಿ ಕರೆದಿದ್ದ. ತಾನು ಚೆಲ್ಲಿದ ಕೋಣೆಯಲ್ಲಿ, ಅದನ್ನು ಕಂಡವರ ಎದುರಿಗೆ, ಮತ್ತೊಮ್ಮೆ ತಟ್ಟೆ ಹಿಡಿದು ನಡೆಯದಿದ್ದರೆ ಆ ಕಂದು ಕಲೆಯೇ ಕ್ಲಬ್ಬಿನಲ್ಲಿ ಅವಳ ಕೊನೆಯ ಗುರುತಾಗಿ ಉಳಿಯುತ್ತಿತ್ತು. ಬೀಗ ಬಿದ್ದ ಮೇಲೆ ಅದನ್ನು ಒರೆಸುವುದಕ್ಕೆ ಕೋಣೆಯೇ ಇರುತ್ತಿರಲಿಲ್ಲ.

ಅಂದು ಕ್ಲಬ್ಬಿನ ಅಡುಗೆಮನೆಯ ಬಾಗಿಲಿನಿಂದ ಅವಳು ಹೊರಬಂದಾಗ ಒಳಕೋಟಿನ ಗುಂಡಿಗಳೆಲ್ಲ ಬಿಗಿದಿದ್ದವು, ಕಪ್ಪು ಗುಂಡಿಯೂ. ಎಡ ಮುಂಗೈ ಮೇಲೆ ಅಗಲವಾದ ತಟ್ಟೆ. ಅದರ ಮೇಲೆ ಜೇನಿನ ಬಣ್ಣದ ತುಂಡುಗಳು ತಮ್ಮ ಚೆರಿಗಳನ್ನು ಹೊತ್ತು ಒಟ್ಟಿಗೆ ನಡುಗುತ್ತಿದ್ದವು. ಡೇಲ್ ಕಟ್ಟೆ ಬಳಸಿ ಓಡಿಬಂದ. "ಕೊಡು ಆರ್ಡಿಸ್, ನಾನು ಹಿಡೀತೀನಿ."

"ಕೈ ತೆಗಿ ಡೇಲ್."

ಓರೆಯಾಗಿ, ಭುಜ ಮುಂದೆ ಮಾಡಿ, ಅವಳು ಕುರ್ಚಿಗಳ ನಡುವೆ ತೂರಿದಳು. ತಟ್ಟೆ ಅದುರುತ್ತಿತ್ತು, ತುಂಡುಗಳು ಅದುರುತ್ತಿದ್ದವು, ಒಂದೂ ಕೆಳಗೆ ಬೀಳಲಿಲ್ಲ, ಬೀಳುವಂಥವೂ ಅಲ್ಲ. ಆಗ ಮೂಲೆಯಿಂದ ಲೀರಾಯ್‌ನ ಗಂಟಲು ಬಂತು.

"ಏನಮ್ಮಾ ಇದು, ಭಾರಿ ಕುಣೀತಿದೆ ನಿನ್ನ ಸಾಮಾನು?"

"ಕುಣೀಬೇಕು ಕಣೋ. ಕುಣೀಲಿಲ್ಲ ಅಂದ್ರೆ ಅದು ರಬ್ಬರು. ನಿನ್ನ ದೋಣಿಗೆ ಅಂಟಿಸ್ಕೋ."

ಕೋಣೆ ನಕ್ಕಿತು. ಲೀರಾಯ್ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ. ಆಮೇಲೆ ಸಣ್ಣ ದನಿಯಲ್ಲಿ, "ಸೋಡ ಸ್ವಲ್ಪ ಜಾಸ್ತಿ. ನೀನು ಯಾವಾಗ್ಲೂ ಹಾಗೇ ಮಾಡ್ತಿದ್ದೆ" ಎಂದ. ಬುಧವಾರ ಇಸ್ಪೀಟು ಮತ್ತೆ ಶುರುವಾಯಿತು. ಎಲೆಗಳು ಪಟಪಟ ಎಂದರೆ ಅವನು ಕಿವುಡನಾಗುತ್ತಿದ್ದ.

ನಡುಗಿದ್ದು ಜೆಲ್ಲಿಯಲ್ಲ, ತನ್ನ ಕೈ ಎಂದು ಯಾರಿಗೂ ತಿಳಿಯಲಿಲ್ಲವೆಂದು ಅವಳು ನಿಜಕ್ಕೂ ನಂಬಿದ್ದಳೇ? ನಾನು ಕೇಳಲಿಲ್ಲ. ಅಲ್ಲಿಂದೀಚೆಗೆ ಈ ದಂಡೆಯ ಯಾವ ಮದುವೆಯೂ, ಯಾವ ಹುಟ್ಟುಹಬ್ಬವೂ ಅವಳ ತಟ್ಟೆಯಿಲ್ಲದೆ ನಡೆಯಲಿಲ್ಲ. ಪುದೀನದ ಹಸಿರು ಪದರದ ಮೇಲೆ ಕೆನೆಯ ಬಿಳಿ ಪದರವಿಟ್ಟು ಗ್ರಾಸ್‌ಹಾಪರ್ ಪಾನೀಯದ ಜೆಲ್ಲಿ ಮಾಡಿದಳು; ಕ್ರಿಸ್ಮಸ್ಸಿಗೆ ಜಾಯಿಕಾಯಿ ಉದುರಿಸಿದ ಟಾಮ್ ಅಂಡ್ ಜೆರ್ರಿ, ಅಂದರೆ ಮೊಟ್ಟೆ, ಹಾಲಿನ ಹಬ್ಬದ ಪಾನೀಯದ ಜೆಲ್ಲಿ. ಎಡಗೈ ಜೇಬಿನಿಂದ ಹೊರಬಂದು ತನ್ನ ಹಳೆಯ ಎತ್ತರಕ್ಕೆ ಮರಳಿತು.

ಈ ಮಾರ್ಚಿನಲ್ಲಿ ಅವಳು ನಿದ್ದೆಯಲ್ಲೇ ಹೋದಳು. ಬೆಳಿಗ್ಗೆ ಅವಳ ತಂಗಿಯ ಮಗಳು ಕೋರಾ ಫೋನು ಮಾಡಿ ಅಳದೆ ವಿಷಯ ಹೇಳಿದಳು, ಆಮೇಲೆ, "ಮೇಷ್ಟ್ರೇ, ಫ್ರಿಜ್ಜಲ್ಲಿ ಒಂದು ಟ್ರೇ ಜೆಲ್ಲಿ ಇದೆ. ಲೀರಾಯ್ ಹುಟ್ಟುಹಬ್ಬಕ್ಕೆ ಅಂತ ಮಾಡಿಟ್ಟಿದ್ಲು. ಕತ್ತರಿಸಿಲ್ಲ" ಎನ್ನುವಾಗ ಅತ್ತಳು.

ಉತ್ತರಕ್ರಿಯೆಯ ದಿನ ಅದನ್ನು ನಾನೇ ಕತ್ತರಿಸಿದೆ. ನೇರವಾಗಿ ಕತ್ತರಿಸಹೋದರೆ ಒಂದು ತುಂಡಿಗೆ ಎರಡು ಚೆರಿ, ಇನ್ನೊಂದಕ್ಕೆ ಏನೂ ಇಲ್ಲ. ಅವಳ ಸೊಟ್ಟ ಸಾಲುಗಳ ಹಿಂದೆ ಚಾಕುವನ್ನು ಮೆಲ್ಲಗೆ ನಡೆಸಿದಾಗ, ಅವಳ ಕೈ ಎಲ್ಲಿ ಹೆಚ್ಚು ಅದುರಿತ್ತು, ಎಲ್ಲಿ ನಿಂತು ಉಸಿರು ತೆಗೆದುಕೊಂಡಿತ್ತು ಎಂಬುದೆಲ್ಲ ನನ್ನ ಕೈಗೆ ತಿಳಿಯಿತು. ತಟ್ಟೆಯನ್ನು ಎತ್ತಿಕೊಂಡು ಚರ್ಚಿನ ನೆಲಮಾಳಿಗೆಯ ಮೆಟ್ಟಿಲಿಳಿದೆ. ಎಂದೂ ಅಲುಗದ ನನ್ನ ಕೈಗಳು ಆ ದಿನ ನನ್ನ ಮಾತು ಕೇಳಲಿಲ್ಲ. ಮೇಜಿನ ಬಳಿ ಕಪ್ಪು ಕೋಟಿನಲ್ಲಿ ನಿಂತಿದ್ದ ಲೀರಾಯ್ ತಟ್ಟೆಯನ್ನು ನೋಡಿದ, ತಟ್ಟೆಯನ್ನು ಮಾತ್ರ.

"ಹದ ಸರಿಯಾಗಿದೆ ಮೇಷ್ಟ್ರೇ" ಎಂದ.

ಮನಸ್ಸಿನ ಬಲವೆಂದರೆ ಅಚಲವಾಗಿ ನಿಲ್ಲುವುದು ಎಂದು ನಾನು ಓದಿದ ದೊಡ್ಡ ಪುಸ್ತಕಗಳೆಲ್ಲ ಹೇಳಿದ್ದವು, ನಾನೂ ಹಾಗೆಯೇ ಪಾಠ ಹೇಳಿದೆ. ಆರ್ಡಿಸ್‌ಳಂಥವರು ಬೇರೆ ಒಂದು ಕುಲ. ಕೈ ಹೋಯಿತೆಂದು ಅವರು ಲೋಕದ ಮೇಲೆ ಮುನಿಯುವುದಿಲ್ಲ, ಮುನಿದರೂ ಒಂದು ಚಳಿಗಾಲ ಮಾತ್ರ. ಆಮೇಲೆ ಎದ್ದು, ನಡುಕಕ್ಕೂ ಮರ್ಯಾದೆ ಇರುವ ಕೆಲಸ ಯಾವುದೆಂದು ಹುಡುಕಿಕೊಳ್ಳುತ್ತಾರೆ. ಅದನ್ನು ಹೊತ್ತುಕೊಂಡು ನಮ್ಮ ನಡುವೆ ಓರೆಯಾಗಿ ತೂರಿ ಬರುತ್ತಾರೆ. ಅವರು ಹೋದ ಮೇಲೆ ಆ ತಟ್ಟೆ ನಮ್ಮ ಕೈಗೆ ಬರುತ್ತದೆ; ಎಷ್ಟು ನಡುಗಿದರೂ ಚೆಲ್ಲದಂತೆ ಅವರು ಅದನ್ನು ಮೊದಲೇ ಹದಮಾಡಿ ಇಟ್ಟಿರುತ್ತಾರೆ.