ಜಗಲಿಗೆ ಬಂದ ಹುಳಿ ಜಾಡಿ

"ವರಲಕ್ಷ್ಮಿ ಮನೇಲಿ ಹೆಂಡ ಮಾಡ್ತವ್ಳಂತೆ!"

ಮಂಡಿಕಲ್ ಕಡೆಯ ಆ ಊರಲ್ಲಿ ಹೊತ್ತು ಏರುವಷ್ಟರಲ್ಲಿ ಈ ಮಾತು ನಲ್ಲಿ ಹತ್ತಿರ, ಡೇರಿ ಹತ್ತಿರ, ಎಲ್ಲ ಕಡೆ ಓಡಾಡಿತು. ಹಬ್ಬಿಸಿದವನು ಯಾರು ಅಂತೀರಿ? ಬಯ್ಯಪ್ಪ! ಮಹಿಳಾ ಸಂಘದ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಅವನ ಸಾರಾಯಿ ಪ್ಯಾಕೆಟ್ ಅಂಗಡಿಗೆ ಬೀಗ ಜಡಿಸಿದ್ದವಳು ಇದೇ ವರಲಕ್ಷ್ಮಿ. ಅವನಿಗೆ ಇದಕ್ಕಿಂತ ಹಬ್ಬ ಬೇಕೆ? ಸಂಘದವರೂ ಮುಖ ತಿರುಗಿಸಿದರು. ಬರುವ ಶುಕ್ರವಾರದ ಸಭೆಯಲ್ಲಿ ಅವಳನ್ನು ಅಧ್ಯಕ್ಷೆ ಸ್ಥಾನದಿಂದ ಇಳಿಸಬೇಕು ಎಂಬ ಮಾತು ಎದ್ದಿತು.

ನಡೆದದ್ದು ಇಷ್ಟೇ. ವರಲಕ್ಷ್ಮಿಯ ತೋಟದ ಕೊಯ್ಲಿನಲ್ಲಿ ಗೊಂಚಲಿಂದ ಉದುರಿದ ದ್ರಾಕ್ಷಿಯನ್ನು ವ್ಯಾಪಾರಿ ಮುಟ್ಟುವುದಿಲ್ಲ. ಅದರಿಂದ ಕುಡಿಯುವ ಹುಳಿ ಮಾಡಬಹುದು ಎಂದು ಗೆಳತಿ ತನುಜ ಹೇಳಿದ್ದಳು. ಅವಳು ಚಿಂತಾಮಣಿಯಲ್ಲಿ ಇದರ ತರಬೇತಿ ಪಡೆದವಳು. ಗೋಬಿ ಮಂಚೂರಿ ಗಾಡಿಯವರು ವಿನೆಗರ್ ಹಾಕುತ್ತಾರಲ್ಲ, ಅಂಥದ್ದೇ, ಆದರೆ ಹಣ್ಣಿನದು. ವರಲಕ್ಷ್ಮಿ ಹಣ್ಣು ತೊಳೆದು, ಹಿಸುಕಿ, ಉಪ್ಪಿನಕಾಯಿ ಜಾಡಿಗೆ ತುಂಬಿ ಬಟ್ಟೆ ಕಟ್ಟಿದಳು. ಕೆಲವು ದಿನಕ್ಕೆ ಹೆಂಡದ ವಾಸನೆ ಬೀದಿಯವರೆಗೂ ಗಮ್ಮೆಂದಿತು.

"ಅಯ್ಯೋ ದೇವುಡಾ! ಮಾನ ಹೋಯ್ತಲ್ಲೇ!" ಎಂದು ಅತ್ತೆ ಮುನಿಗಂಗಮ್ಮ ಹಣೆ ಚಚ್ಚಿಕೊಂಡಳು. "ತಿಪ್ಪೆಗೆ ಸುರಿದು ಬಾ!"

"ಸುರಿಯಲ್ಲ ಅತ್ತೆ. ನಾನೇನು ಕಳ್ಳತನ ಮಾಡಿದೀನಾ?"

ವರಲಕ್ಷ್ಮಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಒಳಗೊಳಗೇ ಅಳುಕು. ವಾಸನೆ ಹೆಂಡದ್ದೇ ತಾನೆ? ಓಡಿಹೋಗಿ ತನುಜಳನ್ನು ಕರೆತಂದಳು. ನೋಡಿದರೆ ಜಾಡಿ ಇಟ್ಟ ಜಾಗದಲ್ಲೇ ಇಲ್ಲ! ರಾಗಿ ಮೂಟೆಗಳ ಹಿಂದೆ, ಕಂಬಳಿ ಹೊದ್ದು, ಬಿಗಿಯಾದ ಮುಚ್ಚಳ ಹಾಕಿಕೊಂಡು ಕೂತಿತ್ತು. ತನುಜ ಮುಚ್ಚಳ ಎತ್ತಿದಳು. ಬುಸ್ ಎಂದಿತು.

"ಯಾರಕ್ಕ ಹಿಂಗೆ ಬಿಗಿದಿದ್ದು? ಜಾಡಿ ಒಡೆದು ಹೋಗೋದು!"

"ನಾನೇ ಕಣಮ್ಮ," ಎಂದಳು ಮುನಿಗಂಗಮ್ಮ. "ವಾಸನೆ ಆಚೆ ಹೋಗಬಾರದು ಅಂತ."

ತನುಜ ನಕ್ಕುಬಿಟ್ಟಳು. "ಅಜ್ಜಿ, ದ್ರಾಕ್ಷಿ ರಸ ಮೊದಲು ಹೆಂಡ ಆಗೇ ಆಗುತ್ತೆ. ಆಮೇಲೆ ಗಾಳಿ ಆಡಿದ್ರೆ ತಾನೇ ಹುಳಿ ಆಗೋದು? ನೀವು ಮುಚ್ಚಿಟ್ಟು ಬಯ್ಯಪ್ಪನ ಮಾತನ್ನೇ ನಿಜ ಮಾಡ್ತಿದ್ರಿ!"

ವರಲಕ್ಷ್ಮಿಯ ಅಳುಕು ಅಲ್ಲೇ ಇಳಿಯಿತು. "ಹಂಗಾ? ಹಂಗಾದ್ರೆ ಜಗಲಿ ಮೇಲೇ ಇಡ್ತೀನಿ. ಮೂಗಿರೋರೆಲ್ಲ ಬಂದು ಮೂಸಲಿ!"

ಇಬ್ಬರೂ ರಸ ಸೋಸಿದರು. ತನುಜ ತನ್ನ ಮನೆಯ ಹಳೇ ಹುಳಿ ಒಂದು ಲೋಟ ಬೆರೆಸಿದಳು. "ಹಾಲಿಗೆ ಹೆಪ್ಪು ಹಾಕಲ್ವ, ಹಂಗೆ. ಜಾಡಿ ಇಲ್ಲಾಂದ್ರೆ ಗಾಜು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಬೇಡವೇ ಬೇಡ, ಹುಳಿ ಪಾತ್ರೇನ ತಿನ್ನುತ್ತೆ. ನೆರಳಲ್ಲಿಡಿ. ಮೇಲೆ ಕೆನೆ ಕಟ್ಟಿದ್ರೆ ಹೆದರಬೇಡಿ. ಬೂಸ್ಟು ಬಂದ್ರೆ ಮಾತ್ರ ಅಷ್ಟನ್ನೂ ಚೆಲ್ಲಿ."

ಶುಕ್ರವಾರ ವರಲಕ್ಷ್ಮಿ ಸಭೆಯಲ್ಲಿ ಎದ್ದು ನಿಂತಳು. "ಜಾಡಿ ಜಗಲಿ ಮೇಲಿದೆ. ದಿನಾ ಬಂದು ನೋಡಿ. ಎರಡು ತಿಂಗಳಾದ್ಮೇಲೂ ಹೆಂಡದ ವಾಸನೆ ಬಂದ್ರೆ ನಾನೇ ಕುರ್ಚಿ ಬಿಡ್ತೀನಿ. ಬಯ್ಯಪ್ಪಣ್ಣನಿಗೆ ಹೆದರಿ ಮಾತ್ರ ಚೆಲ್ಲಲ್ಲ!"

ಹೆಂಗಸರು ನೀರಿಗೆ ಹೋಗುವಾಗ, ಬರುವಾಗ ಮೂಸಿದರು. ಬಯ್ಯಪ್ಪ ಬೇಕೆಂದೇ ಮೂಗು ಮುಚ್ಚಿಕೊಂಡು ಓಡಾಡಿದ. ಕಾವಲಿಗೆ ಕೂತವಳು ಯಾರು? ಮುನಿಗಂಗಮ್ಮ! ವಾಸನೆ ದಿನದಿಂದ ದಿನಕ್ಕೆ ಬದಲಾಗುವುದು ಅವಳ ಮೂಗಿಗೇ ಮೊದಲು ತಿಳಿಯಿತು. ಹೆಂಡದ ಘಾಟು ಪೂರ್ತಿ ಹೋಗಿ ಚುರುಕು ಹುಳಿ ಬಂದ ಮೇಲೆ ಸೊಸೆ ಅದಕ್ಕೆ ಸೀಬೆ ಹೋಳು, ಜಜ್ಜಿದ ನೆಲ್ಲಿಕಾಯಿ, ತುಳಸಿ, ಪುದೀನ ಹಾಕಿ ಒಂದು ವಾರ ಬಿಟ್ಟಳು. ಸೋಸಿ ಬೆಲ್ಲ ಕರಗಿಸಿದಳು.

ಎರಡು ತಿಂಗಳು ಕಳೆದ ಮೇಲೆ ಸಂಘದ ಸಭೆ ಆ ಜಗಲಿಯ ಮೇಲೇ ನಡೆಯಿತು. ಲೋಟದ ತುಂಬ ತಣ್ಣೀರು, ಅದಕ್ಕೆ ಎರಡು ಚಮಚ ಹುಳಿ. ತಮಾಷೆ ನೋಡಲು ಬಂದಿದ್ದ ಬಯ್ಯಪ್ಪನ ಕೈಗೆ ಮುನಿಗಂಗಮ್ಮನೇ ಮೊದಲ ಲೋಟ ಹಿಡಿಸಿದಳು.

"ಕುಡಿಯಪ್ಪ. ತಲೆ ತಿರುಗಿದ್ರೆ ಹೇಳು."

ಕುಡಿದ. ಮುಖ ಕಿವುಚಿದ. ಲೋಟ ಖಾಲಿ ಮಾಡಿದ. "ಹುಳಿ... ಚೆನ್ನಾಗೈತೆ," ಎಂದು ಗೊಣಗಿದ.

"ಗಟ್ಟಿಯಾಗಿ ಹೇಳು ಬಯ್ಯಪ್ಪಣ್ಣ," ಎಂದಳು ವರಲಕ್ಷ್ಮಿ. "ನಲ್ಲಿ ಹತ್ತಿರ ಅವತ್ತು ಮೆತ್ತಗೆ ಹೇಳಿದ್ಯಾ?"

ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. "ಹೆಂಡ ಅಲ್ಲ ಕಣ್ರಮ್ಮೋ, ಹುಳಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಯೇ ಅವನು ಜಗಲಿ ಇಳಿದ. ಕುರ್ಚಿಯ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಅಕ್ಕಂದಿರೇ, ಉದುರಿದ ಹಣ್ಣು ನಿಮ್ಮ ತೋಟದಲ್ಲೂ ಇದೆ, ಜಾಡಿ ನಿಮ್ಮ ಅಡುಗೆಮನೆಯಲ್ಲೂ ಇದೆ. ಮಾಡಿ ನೋಡಿ. ನೀರು ಬೆರೆಸದೆ ಮಾತ್ರ ಕುಡಿಯಬೇಡಿ. ಇದು ಔಷಧಿಯಲ್ಲ. ಹೊಟ್ಟೆ ಹುಣ್ಣಿರುವವರು, ಮಾತ್ರೆ ನುಂಗುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಕುಡಿಯಿರಿ. ಊರು ಏನನ್ನುತ್ತದೋ ಎಂದು ಹೆದರಿ ಮುಚ್ಚಳ ಬಿಗಿಯಬೇಡಿ. ಬಟ್ಟೆ ಕಟ್ಟಿ, ಜಾಡಿಯನ್ನು ಜಗಲಿಗೆ ತನ್ನಿ.