ಮೇಷ್ಟ್ರ ಹೆಸರಿಗೆ ಹತ್ತಿದ ಮಸಿ

ನಮ್ಮ ಸೀಮೆಯಲ್ಲಿ ಮನೆದೇವರ ಹೆಸರೇ ಮಕ್ಕಳಿಗೆ. ಒಂದೊಂದು ಊರಲ್ಲಿ ನಾಲ್ಕು ನಾಲ್ಕು ಗಂಗಹನುಮಯ್ಯಂದಿರು. ಇವರಿಗೆ ಬಂದ ಕಾಗದ ಅವರ ಮನೆಗೆ, ಅವರ ರೇಷನ್ ಕಾರ್ಡು ಇವರ ಕೈಗೆ. ನಾವು ನಕ್ಕು ಸುಮ್ಮನಾಗಿಬಿಡುತ್ತೇವೆ. ಮಧುಗಿರಿ ಹತ್ತಿರದ ಹಳ್ಳಿಯ ಭುವನಾಗೆ ಮಾತ್ರ ಈಗ ಆ ನಗು ಬರುವುದಿಲ್ಲ.

ಭುವನಾ ಡಿಗ್ರಿ ಎರಡನೇ ವರ್ಷ ಓದುವ ಹುಡುಗಿ. ಕ್ಲಾಸಿನಲ್ಲಿ ಮೇಡಂ ಒಂದು ಕೆಲಸ ಕೊಟ್ಟರು. ಜಿಲ್ಲೆಯ ಕಲಾವಿದರೊಬ್ಬರ ಜೀವನ ಪರಿಚಯವನ್ನು ವಿಕಿಪೀಡಿಯಕ್ಕೆ ಬರೆಯಬೇಕು. ಹೊಗಳಿಕೆ ಬೇಡ, ಬರೆದ ಮಾತಿಗೆ ಅಚ್ಚಾದ ಆಧಾರ ಇರಬೇಕು, ಕಡಿಮೆ ಅಂದರೂ ಎರಡು. ಸೋಮವಾರ ಕಡೇ ದಿನ.

ಭುವನಾ ಆರಿಸಿಕೊಂಡಿದ್ದು ಶಿರಾ ತಾಲ್ಲೂಕು ಗೌಡಗೆರೆ ಹೋಬಳಿಯ ಗಂಗಹನುಮಯ್ಯ ಮೇಷ್ಟ್ರನ್ನು. ವಯಸ್ಸು ಎಪ್ಪತ್ತೊಂದು. ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಊರೂರಿಗೆ ಹೋಗಿ ಪೌರಾಣಿಕ ನಾಟಕ ಕಲಿಸುವವರು. ಬಾಯಿ ತೆರೆಯಲು ನಾಚುವ ದನ ಕಾಯುವವನ ಕೈಲೂ ದುರ್ಯೋಧನನ ಪದ್ಯ ಹಾಡಿಸುವ ಗಟ್ಟಿಗರು! ಅವರ ಬಗ್ಗೆ ಒಂದು ಹಳೇ ಪತ್ರಿಕೆಯ ಲೇಖನ ಪಂಚಾಯ್ತಿ ಲೈಬ್ರರಿಯಲ್ಲಿ ಸಿಕ್ಕಿತು. ಎರಡನೆಯದು ಎಷ್ಟು ತಡಕಿದರೂ ಇಲ್ಲ. ಭಾನುವಾರ ಫೋನಿನಲ್ಲಿ ಹೆಸರು, ಹೋಬಳಿ ಹಾಕಿ ಹುಡುಕಿದಳು. ಹತ್ತು ವರ್ಷದ ಹಿಂದಿನ ಸುದ್ದಿಯೊಂದು ಎದ್ದು ಬಂತು. ಬದುವಿನ ಜಗಳದಲ್ಲಿ ಒಬ್ಬನ ಸಾವು, ಗಂಗಹನುಮಯ್ಯನಿಗೆ ಏಳು ವರ್ಷ ಜೈಲು.

ಪಕ್ಕದ ಮನೆಯ ಕಮಲಾಕ್ಷಮ್ಮ ಅದೇ ಲೈಬ್ರರಿ ನೋಡಿಕೊಳ್ಳುವವರು. ಭುವನಾ ಓಡಿಹೋಗಿ ತೋರಿಸಿದಳು.

“ಇದು ಅದೇ ಮನುಷ್ಯನಾ? ಸರಿಯಾಗಿ ನೋಡ್ದೇನಮ್ಮ?” ಅಂದರು ಕಮಲಾಕ್ಷಮ್ಮ.

“ಹೆಸ್ರು ಅದೇ, ಹೋಬಳಿ ಅದೇ. ಇನ್ನೇನ್ ಬೇಕು ಆಂಟಿ? ಪೇಪರ್ನೋರು ಸುಳ್ಳು ಬರೀತಾರಾ?”

“ಪೇಪರ್ನೋರು ಬರ್ದಿರೋದು ನಿಜಾನೇ ಇರ್ಬೋದು. ಯಾರ ಬಗ್ಗೆ ಅನ್ನೋದು ಬ್ಯಾಡ್ವಾ? ಬದುಕಿರೋ ಮನುಷ್ಯನ ವಿಷ್ಯ ಕಣಮ್ಮ. ಒಂದು ಫೋನ್ ಮಾಡಿ ಅವ್ರನ್ನೇ ಕೇಳ್ಬುಡು.”

“ಜೈಲಿಗೆ ಹೋಗಿದ್ರಾ ತಾತ ಅಂತ ಹೆಂಗೆ ಕೇಳ್ಲಿ? ನಾಚ್ಕೆ ಆಗಲ್ವಾ?”

“ಕೇಳೋಕೆ ನಾಚ್ಕೆ, ಬರೆಯೋಕೆ ನಾಚ್ಕೆ ಇಲ್ವಾ?”

ಹುಡುಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಆಧಾರ ಸಿಕ್ಕಿತಲ್ಲ, ಅಷ್ಟೇ ಅವಳಿಗೆ ಬೇಕಿದ್ದದ್ದು. ಕೊಲೆ ಕೇಸಿನ ಮಾತನ್ನು ಒಂದು ಸಾಲಿನಲ್ಲಿ ಸೇರಿಸಿ ಹಾಕಿಯೇಬಿಟ್ಟಳು.

ಗುರುವಾರ ಕಮಲಾಕ್ಷಮ್ಮ ಬಂದರು. ಅವರ ತವರು ಕೊರಟಗೆರೆ ತಾಲ್ಲೂಕು, ಗೊರವನಹಳ್ಳಿ ಪಕ್ಕದ ಊರು. ಆ ಊರವರು ಈ ಸಲದ ನಾಟಕಕ್ಕೆ ಇದೇ ಮೇಷ್ಟ್ರಿಗೆ ವೀಳ್ಯ ಕೊಟ್ಟು ಒಪ್ಪಿಸಿದ್ದರು.

“ನೀನು ಬರ್ದಿದ್ದನ್ನ ಯಾರೋ ಫೋಟೋ ಹೊಡ್ದು ವಾಟ್ಸಾಪಿಗೆ ಬಿಟ್ಟವ್ರೆ. ನಮ್ಮೂರ ಪಾಲಣ್ಣ ನಾಕು ಜನ ಕರ್ಕೊಂಡು ಮೇಷ್ಟ್ರ ಮನೆಗೇ ಹೋಗಿ, ಕೊಟ್ಟ ವೀಳ್ಯ ವಾಪಸ್ ಇಸ್ಕೊಂಡ್ ಬಂದವ್ನೆ. ಕೊಲೆ ಮಾಡಿದ ಕೈಯಿಂದ ನಮ್ಮ ಹುಡುಗ್ರು ಪಾಠ ಕಲೀಬೇಕಾ ಅಂದನಂತೆ.”

ಕೊಟ್ಟ ವೀಳ್ಯ ವಾಪಸ್ ಕೇಳುವುದು ಅಂದರೆ ಏನು ಗೊತ್ತೇ? ಮುಖಕ್ಕೆ ಉಗಿದ ಹಾಗೆ.

ಕಮಲಾಕ್ಷಮ್ಮ ಹಳೇ ಲೇಖನ, ಜೈಲಿನ ಸುದ್ದಿ ಎರಡನ್ನೂ ತೆಗೆಸಿ ಕಡೇ ಸಾಲಿನವರೆಗೂ ಓದಿಸಿದರು. ಜೈಲಿಗೆ ಹೋದವನು ಲಕ್ಷ್ಮಯ್ಯನ ಮಗ, ಆಗ ಅವನಿಗೆ ಮೂವತ್ತೆಂಟು ವರ್ಷ. ಮೇಷ್ಟ್ರು ಚೌಡಯ್ಯನ ಮಗ, ಆಗಲೇ ಅರವತ್ತು ದಾಟಿದ್ದರು. ಇಬ್ಬರೂ ಬೇರೆ ಬೇರೆ! ಭುವನಾ ಎರಡೇ ನಿಮಿಷದಲ್ಲಿ ಆ ಸಾಲು ಅಳಿಸಿದಳು, ಮೇಡಂಗೂ ಫೋನ್ ಮಾಡಿ ತಪ್ಪು ಒಪ್ಪಿಕೊಂಡಳು. ಆದರೆ ಫೋಟೋ ಆಗಲೇ ನೂರು ಫೋನಿಗೆ ಹೋಗಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಾರನೇ ದಿನ ಇಬ್ಬರೂ ಶಿರಾದಲ್ಲಿ ಬಸ್ ಬದಲಿಸಿ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ನಡುಮನೆಯಲ್ಲಿ ಕೂತಿದ್ದರು. ಜಗಲಿಗೆ ಬರುವುದನ್ನೇ ಬಿಟ್ಟಿದ್ದಾರೆ ಅಂದಳು ಮೊಮ್ಮಗಳು. ಭುವನಾ ಕಾಲಿಗೆ ಬಿದ್ದು ಅತ್ತಳು.

“ಅಳಿಸಿದ್ಯೇನವ್ವ?” ಅಂದರು ಮೇಷ್ಟ್ರು.

“ಅಳಿಸಿದೆ ತಾತ.”

“ಜನದ ಬಾಯಾಗಿಂದ ಅಳಿಸಾದು ಹೆಂಗೆ ಅಂತ ಕಲಿಸವ್ರಾ ನಿಮ್ಮ ಕ್ಲಾಸ್ನಾಗೆ?”

ಭುವನಾ ಅಲ್ಲಿಂದ ನೆಟ್ಟಗೆ ಪಾಲಣ್ಣನ ಊರಿಗೆ ಹೋದಳು. ಅರಳಿಕಟ್ಟೆ ಮುಂದೆ ಹತ್ತಾರು ಜನರ ಎದುರು ನಿಂತು, “ತಪ್ಪು ನಂದು” ಅಂದಳು. ಪಾಲಣ್ಣ ನಂಬಲಿಲ್ಲ.

“ಲೇ, ನೆಟ್ನಾಗೇ ಬಂದಿತ್ತಲ್ಲಮ್ಮ! ಈಗ ಅಯ್ಯೋ ಪಾಪ ಅಂತ ಮುಚ್ಚಾಕ್ತಿದೀಯ.”

“ನೆಟ್ಟಿಗೆ ಹಾಕಿದ್ದು ನಾನೇ ಅಣ್ಣ. ನನ್ನಂಥೋರೇ ಹಾಕೋದು. ನಾನು ನೋಡ್ದೆ ಹಾಕ್ದೆ, ನೀವು ಕೇಳ್ದೆ ನಂಬುದ್ರಿ. ತಗಳ್ಳಿ, ತಂದೆ ಹೆಸ್ರು ನೋಡಿ, ವಯಸ್ಸು ನೋಡಿ.”

ಪಾಲಣ್ಣ ಅವಳು ತೋರಿಸಿದ್ದನ್ನು ಎರಡೆರಡು ಸಲ ಓದಿದ. ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತ. “ಎಂಥಾ ಕೆಲ್ಸ ಮಾಡ್ಬುಟ್ವಲ್ಲೋ!”

ಊರವರು ಹೊಸ ವೀಳ್ಯ ಹಿಡಿದು ಮೇಷ್ಟ್ರ ಮನೆಗೆ ಹೋದರು, ಭುವನಾಳೂ ಹೋದಳು. ಮೇಷ್ಟ್ರು ಎಲ್ಲರಿಗೂ ನೀರು ಕೊಡಿಸಿದರು. ವೀಳ್ಯದ ತಟ್ಟೆ ಮಾತ್ರ ಮುಟ್ಟಲಿಲ್ಲ.

“ನಿಮ್ಮಪ್ಪನಿಗೆ ಕಲಿಸ್ದೆ, ನಿನಗೆ ಕಲಿಸ್ದೆ ಪಾಲಣ್ಣ. ನೀನಾದ್ರೂ ಒಂದು ಮಾತು ಕೇಳ್ಬೌದಿತ್ತು. ಇನ್ನು ಪೆಟ್ಟಿಗೆ ಮುಟ್ಟಾಕೆ ನನ್ನ ಕೈ ಏಳಲ್ಲ.”

ಆ ವರ್ಷ ಆ ಊರಲ್ಲಿ ನಾಟಕ ಆಗಲಿಲ್ಲ. ಮೇಷ್ಟ್ರು ಮತ್ತೆ ಯಾವ ಊರಿಗೂ ಹೋಗಲಿಲ್ಲ.

ಓದುವ ಮಕ್ಕಳೇ, ಅಕ್ಕ ಅಣ್ಣಂದಿರೇ, ಬರೆಯಬೇಡಿ ಅಂತ ನಾವು ಹೇಳುತ್ತಿಲ್ಲ. ನಮ್ಮವರ ಬಗ್ಗೆ ನಾವಲ್ಲದೆ ಇನ್ಯಾರು ಬರೆಯಬೇಕು? ಆದರೆ ಹೆಸರು ಒಂದೇ ಅಂದ ಮಾತ್ರಕ್ಕೆ ಮನುಷ್ಯ ಒಬ್ಬನೇ ಅಲ್ಲ. ತಂದೆ ಹೆಸರು, ವಯಸ್ಸು, ಊರು ಮೂರೂ ಕೂಡಿ ಬರುತ್ತವೆಯೇ ನೋಡಿ. ಸುದ್ದಿಯನ್ನು ಕಡೇ ಸಾಲಿನವರೆಗೂ ಓದಿ. ಅನುಮಾನ ಉಳಿದರೆ ಆ ಮಾತು ಬಿಟ್ಟುಬಿಡಿ, ಎರಡು ಮಾರ್ಕ್ಸ್ ಹೋದರೆ ಹೋಗಲಿ. ಇನ್ನೊಬ್ಬರ ಮಾನ ತೆಗೆಯುವ ಫೋಟೋ ನಿಮ್ಮ ಫೋನಿಗೆ ಬಂದರೆ ಅದು ನಿಮ್ಮಲ್ಲೇ ನಿಲ್ಲಲಿ. ಬದುಕಿರುವವರ ಬಗ್ಗೆ ಬರೆಯುವ ಮುಂಚೆ ಅವರ ಮನೆ ಬಾಗಿಲಿಗೆ ಹೋಗಿ ಒಂದು ಮಾತು ಕೇಳಿ. ಬರೆದ ಮೇಲೆ ಹೋದರೆ ಅವರು ನೀರು ಕೊಟ್ಟಾರು, ಹೋದ ಮಾನವನ್ನು ನೀವು ಕೊಡಲಾರಿರಿ.