ಮಕುರಿಟಾ ಟೀಚರ ಬಾಣಲೆ

ಮಕುರಿಟಾ ಟೀಚರ್ ಬೈರಿಕಿ ಎಂಬ ಪುಟ್ಟ ದ್ವೀಪದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ದಿನಾ ಬೆಳಗ್ಗೆ ಗಂಟೆ ಹೊಡೆಯುವ ತನಕ ಅದೇ ಶಾಲೆಯ ಗೇಟಿನ ಹತ್ತಿರ ಡೋನಟ್ ಕರಿದು ಮಾರುತ್ತಿದ್ದಳು. ಸಂಬಳ ಅಕ್ಕಿಗೂ ಡಬ್ಬಿ ಮೀನಿಗೂ ಮುಗಿದುಹೋಗುತ್ತಿತ್ತು. ಫಿಜಿಯಲ್ಲಿ ಮಗಳ ನರ್ಸಿಂಗ್ ಓದು ಸಾಗುತ್ತಿದ್ದುದು ಈ ಬಾಣಲೆಯಿಂದಲೇ. ಅದನ್ನು ಕಂಡರೆ ಹೆಡ್ಮಾಸ್ಟರ್ ಬಾವುರೊಗೆ ಮೈಯೆಲ್ಲ ಉರಿ. ಆತ ಬೇರೆ ಯಾರೂ ಅಲ್ಲ, ಅವಳ ಸ್ವಂತ ದೊಡ್ಡಪ್ಪ.

"ಎಣ್ಣೆ ಕೈಯಲ್ಲಿ ಚಾಕ್‌ಪೀಸ್ ಹಿಡಿದ್ರೆ ಶಾಲೆ ಮರ್ಯಾದೆ ಏನಾಗ್ಬೇಕು?"

"ಸೋಪು ಹಾಕಿ ತೊಳ್ಕೊಂಡೇ ಹಿಡಿಯೋದು, ದೊಡ್ಡಪ್ಪ. ದಿನಾ ಬಿಟ್ಟಿ ತಿಂತೀರಲ್ಲ, ಆವಾಗ ಮರ್ಯಾದೆ ಎಲ್ಲಿಗೆ ಹೋಗಿರತ್ತೆ?"

ಮಾರಬೇಡ ಅನ್ನಲು ಯಾವ ಕಾಯಿದೆಯೂ ಸಿಗಲಿಲ್ಲ. ದೊಡ್ಡಪ್ಪ ಬೇರೆ ದಾರಿ ಹಿಡಿದ. ಭಾನುವಾರ ಪ್ರಾರ್ಥನೆ ಮುಗಿದು ಊರಿಗೆ ಊರೇ ಚಾವಡಿಯಲ್ಲಿ ಚಾಪೆ ಹಾಸಿ ಕೂತಿದ್ದಾಗ ಗಂಟಲು ಸರಿಮಾಡಿಕೊಂಡ.

"ಮಗಳೇ, ಬುಬುಸಿ ಕೇಳ್ತಿದೀನಿ. ನಿನ್ನ ದೊಡ್ಡ ಬಾಣಲೆ ನಂಗೆ ಬೇಕು."

ಎಲ್ಲರೂ ಮಕುರಿಟಾಳ ಕಡೆ ತಿರುಗಿದರು. ಹಿರಿಯರಾಗಲಿ ಕಿರಿಯರಾಗಲಿ, ಬಂಧುವಾದವರು ಬುಬುಸಿ ಎಂದು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನುವ ಹಾಗಿಲ್ಲ. ಅಂದವರು ಆ ಚಾವಡಿಯಲ್ಲಿ ಮತ್ತೆ ತಲೆಯೆತ್ತಿ ಕೂರುವ ಹಾಗೂ ಇಲ್ಲ. ಅಂಥ ಬಾಣಲೆ ಇಡೀ ದ್ವೀಪದಲ್ಲಿ ಇನ್ನೊಂದಿರಲಿಲ್ಲ, ಅದು ಆ ಮಹಾನುಭಾವನಿಗೆ ಚೆನ್ನಾಗಿ ಗೊತ್ತಿತ್ತು. ಹಿರಿಯರ ಪದ್ಧತಿಯನ್ನು ತನ್ನ ಕತ್ತು ಹಿಸುಕಲು ಬಳಸುತ್ತಾನಲ್ಲ ಎಂದು ಮಕುರಿಟಾಗೆ ಸಿಟ್ಟು ಉಕ್ಕಿತು. ಆದರೆ ಅಳಲಿಲ್ಲ.

"ತಗೊಳ್ಳಿ, ದೊಡ್ಡಪ್ಪ. ಸಂಜೆನೇ ನಿಮ್ಮನೆಗೆ ತಂದಿಡ್ತೀನಿ."

ಬಾವುರೊ ಗೆದ್ದವನ ಹಾಗೆ ಸುತ್ತ ನೋಡಿದ.

"ಈಗ ನಂದೂ ಒಂದು ಬುಬುಸಿ," ಎಂದಳು ಮಕುರಿಟಾ. "ನಿಮ್ಮ ಅಡುಗೆಮನೆ ನಂಗೆ ಬೇಕು. ದಿನಾ ಬೆಳಗ್ಗೆ, ಶಾಲೆ ಗಂಟೆ ಹೊಡೆಯೋ ತನಕ. ಒಲೆ, ಒಳಗಿರೋ ಪಾತ್ರೆ ಎಲ್ಲ ಸೇರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಮುದುಕಿಯರೂ ಬಾಯಿಗೆ ಕೈ ಅಡ್ಡ ಹಿಡಿದರು. ಬಾವುರೊ ಹೆಂಡತಿಯ ಕಡೆ ತಿರುಗಿದ.

"ನನ್ನ ಮುಖ ಯಾಕೆ ನೋಡ್ತೀರಿ?" ಎಂದಳು ಟಾಕೆ ದೊಡ್ಡಮ್ಮ. "ಮೊದಲು ಕೇಳಿದ್ದು ನೀವು. ಹೂಂ ಅನ್ನಿ, ಊರೆಲ್ಲ ಕಾಯ್ತಿದೆ."

ಬಾವುರೊ ಚಾಪೆ ನೋಡುತ್ತ ಹೂಂ ಅಂದ.

"ಸರಿ ದೊಡ್ಡಪ್ಪ," ಎಂದು ಮಕುರಿಟಾ ಚಾಪೆಯಿಂದೆದ್ದಳು. "ಒಲೆಗೆ ತೆಂಗಿನ ಸಿಪ್ಪೆ ಒಣಗಿರೋದು ಒಂದಿಷ್ಟು ತೆಗೆದಿಡಿ. ನಾಳೆಯಿಂದ ಮಕ್ಕಳೆಲ್ಲ ಡೋನಟ್‌ಗೆ ಹೆಡ್ಮಾಸ್ಟರ ಮನೆಗೇ ಬರ್ತಾರೆ."